ಹಳೆಯ ಪಿಕ್‌ಅಪ್‌ನ ಮೂಗು ಎತ್ತುವುದು: ಎಷ್ಟು, ಹೇಗೆ, ಎಲ್ಲಿಗೆ ನಿಲ್ಲಿಸಬೇಕು

ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಿಗೆ ಹೋಗುವ ದಾರಿಗಳಲ್ಲಿ ಟ್ರ್ಯಾಕ್ಟರ್ ಚಕ್ರಗಳು ಎರಡೂ ಬದಿಯ ಮಣ್ಣನ್ನು ಕೊರೆದು ನಡುವೆ ಉದ್ದಕ್ಕೂ ಒಂದು ದಿಬ್ಬ ಉಳಿಸಿರುತ್ತವೆ. ಟ್ರ್ಯಾಕ್ಟರಿಗೆ ಅದು ಲೆಕ್ಕಕ್ಕಿಲ್ಲ. ಹತ್ತು ಹದಿನೈದು ವರ್ಷ ದುಡಿದು ಮುಂದೆ ಕುಸಿದಿರುವ ಎರಡು ಚಕ್ರ ಚಾಲನೆಯ ಪಿಕ್‌ಅಪ್‌ಗೆ ಮಾತ್ರ ಅಲ್ಲಿ ಕೆಳಗಿನಿಂದ ಗರಗರ ಸದ್ದು ಶುರುವಾಗುತ್ತದೆ. ಮಾಲೀಕ ಸೀದಾ ಪಾಟಾ (ಗಾಡಿಯ ಭಾರ ಹೊರುವ ಕಬ್ಬಿಣದ ಪಟ್ಟಿ ಸ್ಪ್ರಿಂಗ್) ಅಂಗಡಿಗೆ ಹೋಗಿ ‘ಮುಂದೆ ಮೂರು ಇಂಚು ಎತ್ತಿಬಿಡಿ’ ಎನ್ನುತ್ತಾನೆ. ಅಂಗಡಿಯವನು ಎತ್ತಿಯೂ ಕೊಡುತ್ತಾನೆ. ಆಮೇಲೆ ಆರು ತಿಂಗಳಲ್ಲಿ ಟೈರ್ ಒಂದೇ ಅಂಚಿನಲ್ಲಿ ಬೋಳಾದಾಗ, ಮುಳಬಾಗಿಲು ಹೆದ್ದಾರಿಯಲ್ಲಿ ಸ್ಟೇರಿಂಗ್ ತೇಲಿದಂತಾದಾಗ, ಬೈಸಿಕೊಳ್ಳುವುದು ಗಾಡಿ.

ಎಷ್ಟು ಎತ್ತಬೇಕು ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ನೆಲಕ್ಕೆ ತಾಗುತ್ತಿರುವುದು ಯಾವ ಭಾಗ? ಗಾಡಿ ತನ್ನ ಹುಟ್ಟಿನ ಎತ್ತರದಲ್ಲಿ ಎಷ್ಟನ್ನು ಕಳೆದುಕೊಂಡಿದೆ? ನನ್ನ ಅಭಿಪ್ರಾಯ ಇಷ್ಟೆ: ಕಳೆದುಕೊಂಡ ಎತ್ತರವನ್ನು ಮರಳಿ ಪಡೆಯಿರಿ, ಅದರ ಮೇಲೆ ಬೇಕಿದ್ದರೆ ಒಂದು ಇಂಚು, ಹೆಚ್ಚೆಂದರೆ ಒಂದೂವರೆ ಸೇರಿಸಿ, ಅಲ್ಲಿಗೆ ನಿಲ್ಲಿಸಿ.

ತಾಗುವುದು ಯಾವುದು?

ಗಾಡಿಯ ಕೆಳಗೆ ಮಲಗಿ ಗೀರುಗಳನ್ನು ಹುಡುಕಿ. ಎಂಜಿನ್ ಅಡಿಯ ಆಯಿಲ್ ಚೇಂಬರ್, ಮುಂದಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡ ತೊಲೆ), ಸೈಲೆನ್ಸರ್ ಪೈಪ್, ಹಿಂದಿನ ಹೌಸಿಂಗ್ (ಹಿಂದಿನ ಆಕ್ಸಲಿನ ಗೂಡು), ಇವುಗಳಲ್ಲಿ ಹೊಸ ಗೀರು ಎಲ್ಲಿದೆ ನೋಡಿ. ಹಿಂದಿನ ಹೌಸಿಂಗ್ ಉಜ್ಜಿಕೊಂಡಿದ್ದರೆ ಮುಂದಿನ ಮೂಗನ್ನು ಆಕಾಶಕ್ಕೆ ಎತ್ತಿದರೂ ಪ್ರಯೋಜನವಿಲ್ಲ. ಆ ಹೌಸಿಂಗ್ ಚಕ್ರಗಳ ನಡುವೆ ಗಟ್ಟಿಯಾಗಿ ಕೂತಿರುತ್ತದೆ. ಅದು ಮೇಲೇರಬೇಕಾದರೆ ಟೈರೇ ದೊಡ್ಡದಾಗಬೇಕು. ಮುಂದೆಯೂ ನೇರ ಆಕ್ಸಲ್ ಇರುವ ಗಾಡಿಯಲ್ಲಿ ಇದೇ ಮಾತು. ಪಾಟಾ ಎತ್ತಿದರೆ ಚಾಸಿ, ಚೇಂಬರ್, ಬಂಪರ್ ಮೇಲೇರುತ್ತವೆ, ಆಕ್ಸಲ್ ಇದ್ದಲ್ಲೇ ಇರುತ್ತದೆ.

ಟೈರಿನಿಂದ ಸಿಗುವುದು ಎಷ್ಟು ಎಂಬ ಲೆಕ್ಕವೂ ಸುಲಭ. 215/75 ಆರ್15 ಟೈರಿನ ಒಟ್ಟು ಎತ್ತರ ಸುಮಾರು 703 ಮಿಲಿಮೀಟರ್. 235/75 ಆರ್15 ಹಾಕಿದರೆ 733. ವ್ಯತ್ಯಾಸ 30 ಮಿಮೀ ಆದರೂ ಗಾಡಿ ಏರುವುದು ಅದರ ಅರ್ಧ, 15 ಮಿಮೀ ಮಾತ್ರ. ಅಷ್ಟಕ್ಕೇ ಸ್ಪೀಡೋಮೀಟರ್ ಶೇಕಡಾ 4ರಷ್ಟು ಕಡಿಮೆ ತೋರಿಸುತ್ತದೆ, ಏರಿನಲ್ಲಿ ಎಂಜಿನ್ ಸ್ವಲ್ಪ ಹೆಚ್ಚು ಏದುಸಿರು ಬಿಡುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುವ ಸಾಧ್ಯತೆಯೂ ಇದೆ.

ಹಿಂಭಾಗ ಎತ್ತರ ಇರುವುದು ತಪ್ಪಲ್ಲ

ಖಾಲಿ ಪಿಕ್‌ಅಪ್ ಮುಂದಕ್ಕೆ ಬಾಗಿ ನಿಂತಿರುವುದನ್ನು ನೋಡಿ ಅದನ್ನು ಕುಸಿತ ಎಂದುಕೊಳ್ಳುವವರು ಬಹಳ. ಕಂಪನಿಯವರು ಬೇಕೆಂದೇ ಹಾಗೆ ಮಾಡಿರುತ್ತಾರೆ. ಹೊರೆ ಬೀಳುವುದು ಹೆಚ್ಚುಕಡಿಮೆ ಹಿಂದಿನ ಆಕ್ಸಲ್ ಮೇಲೆ. ಕೋಲಾರದ ಎಪಿಎಂಸಿಗೆ ಟೊಮೆಟೊ ಒಯ್ಯುವಾಗ ಹದಿನೈದು ಕಿಲೋದ ಅರವತ್ತು ಬಾಕ್ಸ್ ಏರಿಸಿದರೆ ಒಂಬತ್ತು ಕ್ವಿಂಟಲ್ ಆಯಿತು; ಹಿಂದಿನ ಪಾಟಾ ಬಗ್ಗಿ, ಗಾಡಿ ಆಗ ಸಮಮಟ್ಟಕ್ಕೆ ಬರುತ್ತದೆ. ಖಾಲಿ ಇದ್ದಾಗಲೇ ಮುಂದೆ ಹಿಂದೆ ಸಮ ಮಾಡಿಬಿಟ್ಟರೆ ಹೊರೆ ಹೇರಿದಾಗ ಮೂಗು ಮೇಲೆದ್ದು, ಸ್ಟೇರಿಂಗ್ ಹಗುರವಾಗಿ, ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಖಾಲಿ ಗಾಡಿಯಲ್ಲಿ ಹಿಂಭಾಗ ಒಂದೆರಡು ಇಂಚಾದರೂ ಎತ್ತರ ಉಳಿಯಲೇಬೇಕು. ನೋಟಕ್ಕಾಗಿ ಎತ್ತುವವರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು.

ಅಳತೆ

ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ. ನೆಲ ಮಟ್ಟವಾಗಿದೆಯೇ ಎಂದು ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ನೋಡಬಹುದು. ನಾಲ್ಕೂ ಚಕ್ರಗಳ ಹತ್ತಿರ ನೀರಿನ ಮಟ್ಟದಿಂದ ನೆಲಕ್ಕೆ ಎಷ್ಟು ಎಂದು ಅಳೆದರೆ ಮುಗಿಯಿತು. ಟೈರುಗಳಿಗೆ ಸರಿಯಾದ ಗಾಳಿ ಇರಲಿ. ಟ್ರೇಯಲ್ಲಿರುವ ಹಗ್ಗ, ತಾಡಪಾಲು, ಹಳೆಯ ಬ್ಯಾಟರಿ ಎಲ್ಲವನ್ನೂ ಇಳಿಸಿ.

ನೆಲದಿಂದ ಬಂಪರಿಗೆ ಅಳೆಯಬೇಡಿ. ಚಕ್ರದ ನಟ್ಟನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿಗೆ ಅಳೆಯಿರಿ. ಹಾಗೆ ಅಳೆದರೆ ಟೈರಿನ ಸವೆತವೂ ಗಾಳಿಯೂ ಲೆಕ್ಕ ಕೆಡಿಸುವುದಿಲ್ಲ. ನಾಲ್ಕೂ ಕಡೆಯ ಅಳತೆಯನ್ನು ಬರೆದಿಡಿ. ಆಮೇಲೆ ಎಂದಿನ ಹೊರೆ ಹೇರಿ ಮತ್ತೊಮ್ಮೆ ಅಳೆಯಿರಿ. ಈ ಎರಡನೆಯ ಅಳತೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಮುಂದೆ ಕೆಲಸಕ್ಕೆ ಬರುವುದು ಅದೇ. ಚಾಲಕ ಕೂರುವ ಬಲಬದಿ ಐದು ಹತ್ತು ಮಿಲಿಮೀಟರ್ ತಗ್ಗಿರುವುದು ಹಳೆಯ ಗಾಡಿಗಳಲ್ಲಿ ಸಾಮಾನ್ಯ. ಅದಕ್ಕಿಂತ ಹೆಚ್ಚಿದ್ದರೆ ಸ್ಪ್ರಿಂಗ್ ಮುರಿದಿದೆಯೇ, ಬುಷ್ (ಕೀಲುಗಳೊಳಗಿನ ರಬ್ಬರ್ ಬಳೆ) ಹರಿದಿದೆಯೇ, ಚಾಸಿಯಲ್ಲಿ ಬಿರುಕಿದೆಯೇ ಎಂದು ಮೊದಲು ನೋಡಬೇಕು. ನಿಮ್ಮದೇ ಮಾದರಿಯ, ಕಡಿಮೆ ಓಡಿದ ಗಾಡಿ ಊರಲ್ಲಿ ಇನ್ನೊಂದಿದ್ದರೆ ಅದನ್ನೂ ಅಳೆಯಿರಿ. ಎರಡರ ವ್ಯತ್ಯಾಸವೇ ನಿಮ್ಮ ಗಾಡಿ ಕಳೆದುಕೊಂಡಿರುವ ಎತ್ತರ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂನಲ್ಲಿ, ಅನುಮತಿ ಇಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಎಂದಿದೆ. ಕುಸಿದ ಸ್ಪ್ರಿಂಗ್ ತೆಗೆದು ಕಂಪನಿಯದೇ ಹೊಸದು ಹಾಕುವುದು, ಕಂಪನಿಯೇ ಕೊಟ್ಟಿರುವ ಹೊಂದಾಣಿಕೆಯ ಬೋಲ್ಟನ್ನು ಅದರ ಮಿತಿಯೊಳಗೆ ತಿರುಗಿಸುವುದು ರಿಪೇರಿ. ಮೂರು ನಾಲ್ಕು ಇಂಚು ಎತ್ತಿ, ಬ್ಲಾಕ್ ಕೂರಿಸಿ, ಬ್ರಾಕೆಟ್ ಬೆಸುಗೆ ಹಾಕುವುದು ರಿಪೇರಿಯಲ್ಲ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಬೇಕು. ಅಪಘಾತವಾದಾಗ ವಿಮೆಯವರೂ ಕೆಳಗೆ ಬಗ್ಗಿ ನೋಡುತ್ತಾರೆ.

ಕೆಳಗೆ ಇರುವುದು ಯಾವ ಏರ್ಪಾಟು?

ಗಾಡಿಯ ಹೆಸರು ಹೇಳಿದರೆ ಸಾಲದು, ಒಂದೇ ಹೆಸರಿನಲ್ಲೂ ವರ್ಷ ಬದಲಾದಂತೆ ಏರ್ಪಾಟು ಬದಲಾಗಿರಬಹುದು. ಮುಂದಿನ ಚಕ್ರದ ಹಿಂದಿನಿಂದ ಬಗ್ಗಿ ನೋಡಿ. ಎರಡು ಚಕ್ರಗಳನ್ನೂ ಒಂದೇ ದಪ್ಪ ಕಬ್ಬಿಣದ ಆಕ್ಸಲ್ ಸೇರಿಸಿದ್ದು, ಅದರ ಮೇಲೆ ಕೆಳಗೆ ಪಟ್ಟಿಗಳ ಕಟ್ಟು ಇದ್ದರೆ ಅದು ಪಾಟಾ. ಪ್ರತಿ ಚಕ್ರಕ್ಕೂ ಬೇರೆ ಬೇರೆ ಮೇಲಿನ ಕೆಳಗಿನ ಆರ್ಮ್ (ಚಕ್ರವನ್ನು ಚಾಸಿಗೆ ಸೇರಿಸುವ ತೋಳು) ಇದ್ದು, ನಡುವೆ ಸುರುಳಿ ಇದ್ದರೆ ಕಾಯಿಲ್. ಆರ್ಮ್‌ಗಳಿವೆ, ಸುರುಳಿ ಕಾಣುವುದಿಲ್ಲ, ಬದಲಿಗೆ ಚಾಸಿಯ ಒಳಬದಿಯಲ್ಲಿ ಉದ್ದದ ದುಂಡು ಸಲಾಕೆ ಹಿಂದಕ್ಕೆ ಹೋಗಿದೆ ಎಂದರೆ ಅದು ಟಾರ್ಷನ್ ಬಾರ್.

ನಾಲ್ಕು ಚಕ್ರ ಚಾಲನೆಯ ಗಾಡಿಗೆ ಹೋಲಿಸಿದರೆ ನಮ್ಮ ಕೆಲಸ ಹಗುರ. ಮುಂದಿನ ಚಕ್ರಗಳಿಗೆ ಶಾಫ್ಟ್ ಇಲ್ಲ, ಅದರ ಕೋನ ಕೆಡುವ ಭಯವಿಲ್ಲ. ಹಿಂದಿನ ಪ್ರೊಪೆಲ್ಲರ್ ಶಾಫ್ಟಿಗೂ ಈ ಅಲ್ಪ ಎತ್ತರದಿಂದ ತೊಂದರೆಯಿಲ್ಲ.

ಜಾಕ್ ಇಡುವ ಮುನ್ನ

ಕೆಂಪು ಮಣ್ಣಿನ ಮೇಲೆ ಈ ಕೆಲಸ ಬೇಡ, ಜಾಕ್ ಒಂದು ಬದಿಗೆ ಇಳಿಯುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಜಾಕ್ ಮತ್ತು ಸ್ಟ್ಯಾಂಡ್ ಅಡಿಗೆ ಅಗಲವಾದ ದಪ್ಪ ಹಲಗೆ ಹಾಕಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ, ಹಳೆಯ ಗಾಡಿಯ ಹ್ಯಾಂಡ್‌ಬ್ರೇಕನ್ನು ನಂಬಬೇಡಿ. ಜಾಕ್ ಚಾಸಿಗೆ ಅಥವಾ ಕ್ರಾಸ್ ಮೆಂಬರಿಗೆ ತಾಗಲಿ, ಚೇಂಬರಿಗೆ ಬೇಡ. ಎತ್ತಿದ ಮೇಲೆ ಎರಡೂ ಬದಿ ಚಾಸಿಯಡಿ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಒಮ್ಮೆ ಅಲುಗಿಸಿ ನೋಡಿ. ಸಿಮೆಂಟ್ ಬ್ಲಾಕ್, ಇಟ್ಟಿಗೆ, ಕಲ್ಲು ಇಟ್ಟು ಕೆಳಗೆ ತೂರುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ.

ಚಕ್ರ ತೂಗುತ್ತಿರುವಾಗಲೇ ಅದನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿ. ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು), ಕಿಂಗ್ ಪಿನ್ (ನೇರ ಆಕ್ಸಲಿನಲ್ಲಿ ಚಕ್ರ ಎಡಬಲ ತಿರುಗುವ ಗೂಟ), ಬೇರಿಂಗ್, ಸ್ಟೇರಿಂಗಿನ ಟೈ ರಾಡ್ ತುದಿ ಯಾವುದರಲ್ಲೇ ಆಟ (ಸಡಿಲ) ಇದ್ದರೂ ಎತ್ತುವ ದುಡ್ಡನ್ನು ಮೊದಲು ಅಲ್ಲಿ ಹಾಕಿ. ಸವೆದ ಬಾಲ್ ಜಾಯಿಂಟ್ ಇಟ್ಟುಕೊಂಡು ಎತ್ತರ ಹೆಚ್ಚಿಸುವುದು ಅಪಾಯ.

ಟಾರ್ಷನ್ ಬಾರ್ ಇದ್ದರೆ

ಮೂರರಲ್ಲಿ ಇದು ಅತಿ ಸುಲಭ. ಅದಕ್ಕೇ ಇದನ್ನು ಕೆಡಿಸುವವರೂ ಹೆಚ್ಚು. ಸಲಾಕೆಯ ಮುಂದಿನ ತುದಿ ಆರ್ಮ್‌ಗೆ ಸೇರಿರುತ್ತದೆ, ಹಿಂದಿನ ತುದಿ ಕ್ರಾಸ್ ಮೆಂಬರಿನ ಹತ್ತಿರ ಒಂದು ಚಿಕ್ಕ ಸನ್ನೆಗೆ. ಆ ಸನ್ನೆಯನ್ನು ಒಂದು ಉದ್ದದ ಬೋಲ್ಟ್ ಹಿಡಿದಿರುತ್ತದೆ. ಬೋಲ್ಟ್ ಬಿಗಿದಂತೆ ಸಲಾಕೆ ಇನ್ನಷ್ಟು ತಿರುಚಿಕೊಂಡು ಗಾಡಿಯ ಮುಂಭಾಗ ಏರುತ್ತದೆ.

ಹಿಂದಿನ ರಾತ್ರಿಯೇ ಬೋಲ್ಟಿನ ಮರೆಗಳನ್ನು (ತಿರುಪಿನ ಗೆರೆಗಳನ್ನು) ತಂತಿ ಬ್ರಷ್‌ನಿಂದ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಬಿಡಿ. ವರ್ಷಗಟ್ಟಲೆ ಕೆಸರು ಕುಡಿದ ಬೋಲ್ಟನ್ನು ಒಣಗಿದ್ದಾಗಲೇ ತಿರುಗಿಸಿದರೆ ಮರೆ ಕಿತ್ತುಬರುತ್ತದೆ. ಬೆಳಿಗ್ಗೆ, ನಟ್ಟಿನಿಂದಾಚೆ ಬೋಲ್ಟ್ ಎಷ್ಟು ಮಿಲಿಮೀಟರ್ ಹೊರಗಿದೆ ಎಂದು ಎರಡೂ ಬದಿ ಅಳೆದು ಬರೆದುಕೊಳ್ಳಿ, ಬಣ್ಣದಿಂದ ಗುರುತು ಹಾಕಿ. ಕೆಟ್ಟರೆ ಹಿಂದಿರುಗಲು ಇದೊಂದೇ ದಾರಿ.

ಮುಂಭಾಗವನ್ನು ಎತ್ತಿ ಚಕ್ರಗಳು ತೂಗುವಂತೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಆಗ ಸಲಾಕೆಯ ಮೇಲಿನ ಒತ್ತಡ ಬಹುಪಾಲು ಇಳಿದು ಬೋಲ್ಟ್ ಸುಲಭವಾಗಿ ತಿರುಗುತ್ತದೆ. ಲಾಕ್ ನಟ್ಟು ಸಡಿಲಿಸಿ, ಎರಡೂ ಬದಿ ಎರಡೆರಡು ಸುತ್ತು ಬಿಗಿಯಿರಿ. ಗಾಡಿ ಇಳಿಸಿ. ಇಳಿಸಿದ ತಕ್ಷಣ ಅಳೆದರೆ ಸುಳ್ಳು ಅಳತೆ ಬರುತ್ತದೆ, ಏಕೆಂದರೆ ಟೈರುಗಳು ಒಳಕ್ಕೆ ಎಳೆದುಕೊಂಡು ನಿಂತಿರುತ್ತವೆ. ಹತ್ತಿಪ್ಪತ್ತು ಮೀಟರ್ ಮುಂದೆ ಹಿಂದೆ ಓಡಿಸಿ, ಬಂಪರನ್ನು ನಾಲ್ಕಾರು ಸಲ ಒತ್ತಿ ಬಿಟ್ಟು ಆಮೇಲೆ ಅಳೆಯಿರಿ. ಎರಡು ಸುತ್ತಿಗೆ ಎಷ್ಟು ಏರಿತು ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಒಮ್ಮೆ ಅಳೆದರೆ ನಿಮ್ಮ ಗಾಡಿಯ ಲೆಕ್ಕ ಕೈಗೆ ಸಿಗುತ್ತದೆ. ಬಾಕಿ ಸುತ್ತುಗಳನ್ನು ಆ ಲೆಕ್ಕದ ಮೇಲೆ ಕೊಡಿ. ಒಂದು ಬದಿ ತಿರುಗಿಸಿದರೆ ಇನ್ನೊಂದು ಬದಿಯೂ ತುಸು ಅಲುಗುವುದರಿಂದ ಎಡಬಲ ಸಮ ಮಾಡುವಷ್ಟರಲ್ಲಿ ಎರಡು ಮೂರು ಸಲ ಎತ್ತಿ ಇಳಿಸಬೇಕಾಗಬಹುದು.

ಎಲ್ಲಿಗೆ ನಿಲ್ಲಿಸಬೇಕು? ಗಾಡಿ ನೆಲದ ಮೇಲೆ ಸಹಜವಾಗಿ ನಿಂತಿರುವಾಗ ಮೇಲಿನ ಆರ್ಮ್‌ಗೂ ಅದು ಕೆಳಗಿಳಿಯದಂತೆ ತಡೆಯುವ ರಬ್ಬರಿಗೂ ನಡುವೆ ಎಷ್ಟು ಅಂತರ ಇದೆ ನೋಡಿ. ಒಂದು ಇಂಚಾದರೂ ಉಳಿಯಬೇಕು. ‘ಟಾರ್ಷನ್ ಬಿಗಿದರೆ ಗಾಡಿ ಕಲ್ಲಿನಂತಾಗುತ್ತದೆ’ ಎಂದು ಹೇಳುವುದುಂಟು. ನಿಜವಾಗಿ ಬೋಲ್ಟ್ ಬಿಗಿದರೆ ಸಲಾಕೆಯ ಗಡಸುತನ ಬದಲಾಗುವುದಿಲ್ಲ. ಚಕ್ರ ಗುಂಡಿಗೆ ಇಳಿಯಲು ಇದ್ದ ಜಾಗ ಕಡಿಮೆಯಾಗಿ, ಆರ್ಮ್ ಪ್ರತಿ ಸಲ ಆ ರಬ್ಬರಿಗೆ ಬಡಿಯುತ್ತದೆ. ನಾವು ಅನುಭವಿಸುವ ಒರಟು ಆ ಬಡಿತ.

ಬೋಲ್ಟಿನ ಮರೆ ಆಗಲೇ ಮುಗಿದಿದ್ದರೆ, ಸನ್ನೆಯನ್ನು ಬಿಚ್ಚಿ ಸಲಾಕೆಯ ಹಲ್ಲುಗಳ ಮೇಲೆ ಒಂದು ಹಲ್ಲು ಜರುಗಿಸಿ ಕೂರಿಸಬೇಕಾಗುತ್ತದೆ. ಇದು ಅನುಭವಿ ಮೆಕ್ಯಾನಿಕ್‌ನ ಕೆಲಸ. ಎಡ ಬಲದ ಸಲಾಕೆಗಳನ್ನು ಅದಲುಬದಲು ಮಾಡಬಾರದು, ಅವು ಒಂದೊಂದು ದಿಕ್ಕಿನ ತಿರುಚಿಗೆ ಹದಗೊಂಡಿರುತ್ತವೆ. ತುದಿಯಲ್ಲಿ ಗುರುತು ಇರುತ್ತದೆ.

ಕಾಯಿಲ್ ಇದ್ದರೆ

ಹೊಸ ಜೋಡಿ ಸ್ಪ್ರಿಂಗ್ ಹಾಕಿಸಿ. ಹಳೆಯ ಗಾಡಿಯಲ್ಲಿ ಅಷ್ಟಕ್ಕೇ ಬೇಕಾದ ಎತ್ತರ ಬಹುಮಟ್ಟಿಗೆ ಮರಳುತ್ತದೆ. ಒಂದೇ ಬದಿ ಬದಲಿಸುವ ಜಿಪುಣತನ ಬೇಡ. ಇನ್ನೂ ಬೇಕೆಂದರೆ ಸ್ಪ್ರಿಂಗಿನ ಮೇಲ್ತುದಿಗೆ ದಪ್ಪ ವಾಷರಿನಂಥ ಸ್ಪೇಸರ್ ಹಾಕಬಹುದು. ಸ್ಪ್ರಿಂಗ್ ಕೆಳಗಿನ ಆರ್ಮ್‌ನ ನಡುಮಧ್ಯದಲ್ಲಿ ಕೂತಿದ್ದರೆ 10 ಮಿಮೀ ಸ್ಪೇಸರಿಗೆ ಚಕ್ರದ ಬಳಿ ಸುಮಾರು 20 ಮಿಮೀ ಏರುತ್ತದೆ. ಈ ಲೆಕ್ಕ ತಿಳಿಯದೆ ಒಂದಿಂಚಿನ ಸ್ಪೇಸರ್ ಹಾಕಿಸಿ, ಎರಡಿಂಚು ಏರಿತೆಂದು ಗಾಬರಿಯಾಗುವವರಿದ್ದಾರೆ.

ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದು ಆ ಒಂದು ಸುತ್ತು ಕೆಲಸ ಮಾಡದಂತೆ ತಡೆದು ಉಳಿದ ಸುತ್ತುಗಳ ಮೇಲೆ ಹೊರೆ ಹಾಕುತ್ತದೆ. ಹೊರೆ ಗಾಡಿಗೆ ಅದು ಬೇಡ. ಸ್ಪ್ರಿಂಗ್ ಬಿಚ್ಚುವ ಕೆಲಸವನ್ನು ಸರಿಯಾದ ಕಂಪ್ರೆಸರ್ ಇಲ್ಲದೆ ಮನೆಯಲ್ಲಿ ಮಾಡಬೇಡಿ. ಅದುಮಿದ ಸ್ಪ್ರಿಂಗ್ ತಪ್ಪಿ ಹಾರಿದರೆ ಜೀವ ತೆಗೆಯುತ್ತದೆ.

ಪಾಟಾ ಇದ್ದರೆ

ಕಟ್ಟನ್ನು ಪೂರ್ತಿ ಬಿಚ್ಚಿಸಿ ಪ್ರತಿ ಪಟ್ಟಿಯನ್ನೂ ತೊಳೆದು ನೋಡಬೇಕು. ಸೆಂಟರ್ ಬೋಲ್ಟಿನ ತೂತಿನ ಸುತ್ತ ಕೂದಲೆಳೆಯ ಬಿರುಕು ಇದ್ದರೆ ಆ ಪಟ್ಟಿ ಹೋಯಿತು. ಹಳೆಯ ಪಟ್ಟಿಗಳನ್ನು ಬಡಿದು ಮತ್ತೆ ಬಾಗು ಕೊಡಿಸಬಹುದು, ಅಗ್ಗ. ಆದರೆ ತಣ್ಣಗಿದ್ದಾಗ ಬಡಿದ ಬಾಗು ಬಹಳ ದಿನ ನಿಲ್ಲುವುದಿಲ್ಲ. ಬಾಗಿಸಿದ ಮೇಲೆ ಕುಲುಮೆಯಲ್ಲಿ ಸರಿಯಾಗಿ ಹದ ಮಾಡಿಕೊಡುವ ಅಂಗಡಿ ಸಿಕ್ಕಿದರೆ ಮಾತ್ರ ಒಪ್ಪಿಕೊಳ್ಳಿ. ಇಲ್ಲವಾದರೆ ಹೊಸ ಸೆಟ್ ವಾಸಿ. ಒಂದು ಪಟ್ಟಿ ಹೆಚ್ಚು ಸೇರಿಸಿದರೆ ಎತ್ತರ ಸಿಗುತ್ತದೆ, ಜೊತೆಗೆ ಗಡಸೂ ಸಿಗುತ್ತದೆ. ಖಾಲಿ ಗಾಡಿಯಲ್ಲಿ ಮುಂದೆ ಹೊರೆಯೆಂದರೆ ಎಂಜಿನ್ ಮತ್ತು ಕ್ಯಾಬಿನ್ ಮಾತ್ರ, ಆದ್ದರಿಂದ ದಪ್ಪ ಪಟ್ಟಿ ಸೇರಿಸಿದರೆ ಹಲ್ಲು ಕಡಕಡ ಎನ್ನುತ್ತದೆ.

ಪಾಟಾದ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿಯೇ ಶೆಕಲ್. ಉದ್ದದ ಶೆಕಲ್ ಇನ್ನೊಂದು ದಾರಿ. ಶೆಕಲ್ 50 ಮಿಮೀ ಉದ್ದವಾದರೆ ಗಾಡಿ ಏರುವುದು ಅದರ ಅರ್ಧ, 25 ಮಿಮೀ. ಇಲ್ಲಿ ಎಚ್ಚರ ಬೇಕಾದದ್ದು ಆಕ್ಸಲ್ ತಿರುಗುವ ಬಗ್ಗೆ. ಶೆಕಲ್ ಪಾಟಾದ ಮುಂದಿನ ತುದಿಯಲ್ಲಿದ್ದರೆ, ಉದ್ದ ಹೆಚ್ಚಿದಷ್ಟೂ ಕಿಂಗ್ ಪಿನ್‌ನ ತಲೆ ಮುಂದಕ್ಕೆ ವಾಲಿ ಕ್ಯಾಸ್ಟರ್ (ಆ ತಲೆ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ತಿರುವಿನಿಂದ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ವೇಗದಲ್ಲಿ ಗಾಡಿ ಅಲೆದಾಡುತ್ತದೆ. ಶೆಕಲ್ ಹಿಂದಿನ ತುದಿಯಲ್ಲಿದ್ದರೆ ಕ್ಯಾಸ್ಟರ್ ಹೆಚ್ಚಿ ಸ್ಟೇರಿಂಗ್ ಭಾರವಾಗುತ್ತದೆ. ಆಕ್ಸಲ್ ಮತ್ತು ಪಾಟಾ ನಡುವೆ ಎರಡು ಮೂರು ಡಿಗ್ರಿಯ ಕಬ್ಬಿಣದ ಬೆಣೆ ಇಟ್ಟು ಇದನ್ನು ತಿದ್ದುತ್ತಾರೆ.

ಹಿಂದಿನ ಆಕ್ಸಲಿಗೆ ಹಾಕುವಂತೆ ಮುಂದಿನ ಆಕ್ಸಲ್ ಮತ್ತು ಪಾಟಾ ನಡುವೆ ಎತ್ತರದ ಬ್ಲಾಕ್ ಇಡುವುದನ್ನು ಯಾರು ಹೇಳಿದರೂ ಒಪ್ಪಬೇಡಿ. ಬ್ರೇಕ್ ಒತ್ತಿದಾಗ ಆಕ್ಸಲ್ ತಿರುಚಿಕೊಳ್ಳುತ್ತದೆ, ಬ್ಲಾಕ್ ಜಾರಿದರೆ ಸ್ಟೇರಿಂಗ್ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಪಾಟಾವನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಬಿಚ್ಚಿದ ಮೇಲೆ ಹೊಸದನ್ನೇ ಹಾಕಿ. ಒಮ್ಮೆ ಎಳೆದುಕೊಂಡ ಹಳೆಯದು ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ.

ಎತ್ತಿದ ಮೇಲೆ

ಚಕ್ರಗಳನ್ನು ಮತ್ತೆ ತೂಗಾಡುವಂತೆ ಮಾಡಿ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಬ್ರೇಕ್ ಹೋಸ್ ಎಲ್ಲಿಯೂ ಬಿಗಿದುಕೊಳ್ಳಬಾರದು, ಟೈರಿಗೆ ಉಜ್ಜಬಾರದು. ಶಾಕ್ ಅಬ್ಸಾರ್ಬರನ್ನು ನೋಡಿ: ಚಕ್ರ ಕೆಳಗಿಳಿಯುವುದನ್ನು ತಡೆಯುವುದು ರಬ್ಬರ್ ಆಗಿರಬೇಕು, ಶಾಕ್ ಅಲ್ಲ. ಶಾಕ್ ಪೂರ್ತಿ ಎಳೆದುಕೊಂಡು ನಿಂತಿದ್ದರೆ ಸ್ವಲ್ಪ ಉದ್ದದ್ದು ಬೇಕು, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಎಣ್ಣೆ ಸೋರುತ್ತದೆ.

ಆರ್ಮ್‌ಗಳ ಬುಷ್ ಬೋಲ್ಟ್ ಸಡಿಲಿಸಿದ್ದರೆ ಅವನ್ನು ಕೊನೆಯ ಬಾರಿ ಬಿಗಿಯುವುದು ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೆ. ಚಕ್ರ ತೂಗುವಾಗಲೇ ಬಿಗಿದುಬಿಟ್ಟರೆ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹೊಸ ಬುಷ್ ವರ್ಷದೊಳಗೆ ಹರಿಯಿತೆಂದು ಗೊಣಗುವವರು ಇದನ್ನೊಮ್ಮೆ ವಿಚಾರಿಸಿ ನೋಡಬೇಕು.

ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ, ‘ಆಮೇಲೆ ನೋಡೋಣ’ ಬೇಡ. ಎತ್ತರ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಬದಲಾಗುತ್ತದೆ, ಆರ್ಮ್‌ಗಳಿರುವ ಗಾಡಿಯಲ್ಲಿ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು) ಕೂಡ. ಅಂಗಡಿಯವರು ಟೋ ಮಾತ್ರ ತಿದ್ದಿ ಕಳಿಸುವುದುಂಟು. ಕ್ಯಾಂಬರ್, ಕ್ಯಾಸ್ಟರ್ ಅಂಕಿಗಳಿರುವ ಚೀಟಿಯನ್ನೂ ಕೇಳಿ ಪಡೆಯಿರಿ. ಕ್ಯಾಂಬರ್ ಮಿತಿಯೊಳಗೆ ಬರುವುದೇ ಇಲ್ಲ ಎಂದರೆ ನೀವು ಹೆಚ್ಚು ಎತ್ತಿದ್ದೀರಿ, ಅರ್ಧ ಇಂಚು ಇಳಿಸಿ.

ಹಿಂದಿನ ಆಕ್ಸಲಿನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಹೋಗಿ ಬ್ರೇಕ್ ವಾಲ್ವಿಗೆ ಸೇರಿದ್ದರೆ, ಅದು ಹೊರೆ ನೋಡಿಕೊಂಡು ಹಿಂದಿನ ಬ್ರೇಕಿನ ಒತ್ತಡ ತೀರ್ಮಾನಿಸುವ ಏರ್ಪಾಟು. ಮುಂದೆ ಮಾತ್ರ ಎತ್ತಿದರೆ ಅದರ ತಂಟೆಯಿಲ್ಲ. ಹುಮ್ಮಸ್ಸಿನಲ್ಲಿ ಹಿಂದೆಯೂ ಎತ್ತಿದಿರೋ, ತುಂಬಿದ ಗಾಡಿಯನ್ನೂ ಅದು ಖಾಲಿ ಎಂದು ತಿಳಿದು ಬ್ರೇಕ್ ಕಡಿಮೆ ಕೊಡುತ್ತದೆ. ಹಾಗಾಗಿ ಹಿಂದೆ ಕೈ ಹಾಕಿದರೆ ಆ ವಾಲ್ವನ್ನು ಮತ್ತೆ ಹೊಂದಿಸಲೇಬೇಕು.

ಹೆಡ್‌ಲೈಟನ್ನು ಎಂದಿನ ಹೊರೆ ಹೇರಿದ ಗಾಡಿಯಲ್ಲಿ ಹೊಂದಿಸಿ. ಸಂಜೆ, ಗೋಡೆಯಿಂದ 10 ಮೀಟರ್ ದೂರ ಸಮನೆಲದಲ್ಲಿ ನಿಲ್ಲಿಸಿ, ಲೈಟಿನ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಖಾಲಿ ಓಡುವಾಗ ಬೆಳಕು ಸ್ವಲ್ಪ ಹತ್ತಿರ ಬೀಳುತ್ತದೆ, ಸಹಿಸಿಕೊಳ್ಳಿ.

ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟ್, ಶೆಕಲ್ ನಟ್ಟು, ಟಾರ್ಷನ್ ಲಾಕ್ ನಟ್ಟು, ವೀಲ್ ನಟ್ಟು ಎಲ್ಲವನ್ನೂ ಮತ್ತೊಮ್ಮೆ ಬಿಗಿದು, ಚಕ್ರದ ನಡುವಿನಿಂದ ಮಡ್‌ಗಾರ್ಡಿಗೆ ಅಳತೆ ತೆಗೆದುಕೊಳ್ಳಿ. ಹೊಸ ಸ್ಪ್ರಿಂಗ್ ಐದಾರು ಮಿಲಿಮೀಟರ್ ಕೂರುವುದು ಸಹಜ. ಸಾವಿರ ಕಿಲೋಮೀಟರಿಗೆ ಮುಂದಿನ ಟೈರುಗಳ ಮೇಲೆ ಅಂಗೈಯನ್ನು ಅಡ್ಡಲಾಗಿ ಆಡಿಸಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಟೋ ಸರಿಯಿಲ್ಲ. ಒಂದೇ ಅಂಚು ಸವೆದಿದ್ದರೆ ಮೊದಲು ಕ್ಯಾಂಬರನ್ನು ಅನುಮಾನಿಸಿ. ಚೀಟಿ ಹಿಡಿದುಕೊಂಡು ಅಲೈನ್‌ಮೆಂಟ್ ಅಂಗಡಿಗೆ ವಾಪಸ್ ಹೋಗಿ.